ಆ ಇಲಿಗಳ ಫೋಟೋ

ಚಿಕ್ಕಪ್ಪ: ಫಾರ್ವರ್ಡ್ ಆಗಿ ಬಂದದ್ದು 👇 "ಕುಲಾಂತರಿ (ಜೀನ್ ಬದಲಿಸಿದ) ಮೆಕ್ಕೆಜೋಳ ತಿಂದ ಇಲಿಗಳ ಗತಿ ನೋಡಿ! ಹೋರಾಟಗಾರರ ಜೊತೆ ಕೈ ಜೋಡಿಸಿ. ಹತ್ತು ಜನಕ್ಕಾದರೂ ಕಳಿಸಿ."

ಚಿಕ್ಕಮ್ಮ: ಅಯ್ಯೋ, ಮೈತುಂಬ ಗಡ್ಡೆ! ನೋಡಲಿಕ್ಕೇ ಆಗಲ್ಲ.

ನಾನು: ಚಿಕ್ಕಪ್ಪ, ಇದು 2012ರ ಫೋಟೋ. ಫ್ರಾನ್ಸಿನ ಸೆರಾಲಿನಿ ತಂಡದ ಪ್ರಯೋಗ. ಅದನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಯೇ 2013ರಲ್ಲಿ ಲೇಖನ ವಾಪಸ್ ತೆಗೆದುಕೊಂಡಿತು.

ಚಿಕ್ಕಪ್ಪ: ಮಾರನೇ ವರ್ಷ ಬೇರೆ ಪತ್ರಿಕೆಯಲ್ಲಿ ಬಂತಲ್ಲ, ಅದನ್ನೂ ಹೇಳು.

ನಾನು: ಬಂತು, ನಿಜ. ಆದರೆ ಪ್ರಯೋಗ ಅದೇ ತಾನೇ? ಸ್ಪ್ರೇಗ್ ಡಾಲಿ ಅನ್ನುವ ತಳಿಯ ಇಲಿಗಳು ಅವು. ಎರಡು ವರ್ಷ ಸಾಕಿದರೆ, ಏನೇ ತಿನ್ನಿಸಿ, ಬಹಳಷ್ಟಕ್ಕೆ ಗಡ್ಡೆ ತಾನಾಗೇ ಬರುತ್ತದೆ. ಒಂದೊಂದು ಗುಂಪಿನಲ್ಲಿ ಇದ್ದದ್ದು ಬರೀ 10 ಇಲಿ. ಮಾಮೂಲಿ ಮೆಕ್ಕೆಜೋಳ ತಿಂದ ಇಲಿಗಳಿಗೂ ಗಡ್ಡೆ ಬಂದಿತ್ತು. ಅವುಗಳ ಫೋಟೋ ಮಾತ್ರ ಹಾಕಲಿಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ.

ಭಾವ: ಇಲಿ ಬಿಡು, ಬೀಜದ ವಿಷಯಕ್ಕೆ ಬಾ. ಅಮೆರಿಕದ ಇಂಡಿಯಾನಾದಲ್ಲಿ ಬೌಮನ್ ಅಂತ ಒಬ್ಬ ರೈತ. ಗೋದಾಮಿನಿಂದ ಸೋಯಾ ಕಾಳು ಕೊಂಡು ಬಿತ್ತಿದ, ಬೆಳೆದದ್ದರಲ್ಲಿ ಬೀಜ ಎತ್ತಿಟ್ಟು ಮತ್ತೆ ಬಿತ್ತಿದ. ಆ ಕುಲಾಂತರಿ ಬೀಜದ ಪೇಟೆಂಟ್ ಇದ್ದ ಮಾನ್ಸಾಂಟೊ ಕಂಪನಿ ಕೋರ್ಟಿಗೆ ಎಳೆಯಿತು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಕಂಪನಿ ಪರವಾಗಿ ತೀರ್ಪು ಕೊಟ್ಟರು. ಇದಕ್ಕೇನಂತೀಯ?

ನಾನು: ಇದರಲ್ಲಿ ನಾನು ನಿಮ್ಮ ಕಡೆಯೇ ಭಾವ. ಬೀಜ ಎತ್ತಿಡುವುದು ಅಪರಾಧ ಆಗಬಾರದು. ಇದಕ್ಕೆ ಹೋರಾಡುವವರ ಹಿಂದೆ ನಾನೂ ಬರುತ್ತೇನೆ.

ಅಕ್ಕ: ಕಳೆಯ ಕಥೆಯನ್ನೂ ಸೇರಿಸು. ರೌಂಡಪ್ ಅನ್ನುವ ಕಳೆನಾಶಕ ಹೊಡೆದರೆ ಕಳೆ ಸಾಯಬೇಕು, ಬೆಳೆ ಉಳಿಯಬೇಕು ಅಂತ ಮಾಡಿದ ಬೀಜ ಅದು. ವರ್ಷ ವರ್ಷ ಅದನ್ನೇ ಹೊಡೆದು ಈಗ ಕಳೆಯೂ ಸಾಯಲ್ಲ. ಪಾಮರ್ ಅಮರಾಂತ್ ಅಂತ, ಹರಿವೆ ಜಾತಿಯ ಗಿಡ. ಆಳೆತ್ತರ ಬೆಳೆಯುತ್ತದೆ. ಒಂದೇ ಗಿಡ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ.

ಚಿಕ್ಕಪ್ಪ: ನೋಡಿದೆಯಾ? ಅದಕ್ಕೇ ಹೋರಾಟಗಾರರು ಹೊಲಕ್ಕೆ ನುಗ್ಗಿ ಕಿತ್ತು ಹಾಕುವುದು. ಬೇರೆ ದಾರಿ ಇಲ್ಲ.

ನಾನು: ಯಾರ ಹೊಲ ಕಿತ್ತರು ಅಂತ ನೋಡಿ ಚಿಕ್ಕಪ್ಪ. 2013ರ ಆಗಸ್ಟ್, ಫಿಲಿಪ್ಪೀನ್ಸಿನ ಬಿಕೋಲ್ ಪ್ರಾಂತ್ಯ. ಗೋಲ್ಡನ್ ರೈಸ್ ಪ್ರಯೋಗದ ಪುಟ್ಟ ಗದ್ದೆ. ಸರ್ಕಾರಿ ಜಾಗ, ಸಂಶೋಧನೆಗೆ ಹಾಕಿದ ನಾಟಿ. ಬೇಲಿ ಮುರಿದು ಒಳಗೆ ನುಗ್ಗಿ ಪೈರನ್ನು ಬುಡ ಸಮೇತ ಕಿತ್ತು ತುಳಿದರು. ವಿಟಮಿನ್ ಎ ಕೊರತೆಗೆ ಅಂತ, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೋಟಿನ್ ಸೇರಿಸಿದ ಹಳದಿ ಅಕ್ಕಿ ಅದು. ಈ ಕೊರತೆಯಿಂದ ಪ್ರತಿ ವರ್ಷ ಎರಡೂವರೆಯಿಂದ ಐದು ಲಕ್ಷ ಮಕ್ಕಳು ಕಣ್ಣು ಕಳೆದುಕೊಳ್ಳುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಅರ್ಧ ಜನ ವರ್ಷದೊಳಗೇ ಸಾಯುತ್ತಾರೆ.

ಭಾವ: ಸೊಪ್ಪು, ತರಕಾರಿ, ಮಾತ್ರೆ ಕೊಡಬಹುದಲ್ವಾ?

ನಾನು: ಕೊಡಲೇಬೇಕು. ಅದು ತಲುಪದ ಮನೆಗಳ ಬಗ್ಗೆ ನಾನು ಹೇಳುತ್ತಿರುವುದು. ಮೂರು ಹೊತ್ತೂ ಬರೀ ಅನ್ನ ತಿನ್ನುವ ಮಕ್ಕಳು.

ಚಿಕ್ಕಪ್ಪ: 2024ರಲ್ಲಿ ಅಲ್ಲಿನ ಕೋರ್ಟೇ ಅದರ ಅನುಮತಿ ರದ್ದು ಮಾಡಿತಲ್ಲಮ್ಮ. ಸುರಕ್ಷಿತ ಅನ್ನುವುದು ಖಚಿತವಾಗಿಲ್ಲ ಅಂತಲೇ ತಾನೇ?

ನಾನು: ಹೌದು. ಆ ಖಚಿತ ಎಲ್ಲಿಂದ ಬರಬೇಕು ಹೇಳಿ. ಅಂಥ ಗದ್ದೆಗಳಿಂದಲೇ ಅಲ್ವಾ? ಪರೀಕ್ಷೆ ಮಾಡಿ ಅಂತ ಕೇಳುವುದು, ಪರೀಕ್ಷೆಗೆ ಇಟ್ಟಿದ್ದನ್ನೇ ಕೀಳುವುದು, ಎರಡನ್ನೂ ಒಂದೇ ಹೋರಾಟ ಅಂತ ನಾನು ಒಪ್ಪಲಾರೆ. ಲೆಕ್ಕ ಕೇಳಲಿ, ಕೋರ್ಟಿಗೆ ಹೋಗಲಿ, ರಸ್ತೆಯಲ್ಲಿ ಕೂರಲಿ. ಪೈರು ಮುಟ್ಟಬಾರದು.

ಚಿಕ್ಕಪ್ಪ: ಒಂದು ಸಲ ಪರಾಗ ಪಕ್ಕದ ಗದ್ದೆಗೆ ಹಾರಿದರೆ ವಾಪಸ್ ಕರೆಯಲು ಆಗುತ್ತಾ?

ನಾನು: ಆಗಲ್ಲ. ಭತ್ತದಲ್ಲಿ ಅದು ಕಡಿಮೆ, ಹೂವಿನೊಳಗೇ ಪರಾಗ ಕೂಡುತ್ತದೆ. ಮೆಕ್ಕೆಜೋಳದಲ್ಲಿ ಗಾಳಿಗೆ ಹಾರುತ್ತದೆ, ಅಲ್ಲಿ ನಿಮ್ಮ ಭಯ ಸರಿ. ಅದಕ್ಕೇ ಬೆಳೆ ಬೆಳೆಗೂ ಬೇರೆ ಬೇರೆ ಕೇಳಬೇಕು ಅನ್ನುವುದು.

ಚಿಕ್ಕಮ್ಮ: ರೀ, ಮೊದಲು ಆ ಫೋಟೋ ತೆಗೆಯಿರಿ. ಮಕ್ಕಳೂ ಇದ್ದಾರೆ ಗುಂಪಿನಲ್ಲಿ.

*ಈ ಸಂದೇಶವನ್ನು ಅಳಿಸಲಾಗಿದೆ*

ಚಿಕ್ಕಪ್ಪ: ತೆಗೆದೆ. ಗದ್ದೆಯ ಮಾತು ಮಾತ್ರ ನಾನಿನ್ನೂ ಒಪ್ಪಿಲ್ಲ. ಅಳಿಯಂದಿರೇ, ಆ ಬೌಮನ್ ತೀರ್ಪು ಇದ್ದರೆ ಕಳಿಸಿ, ಓದುತ್ತೇನೆ.