ಜೌಗಿನ ನೀರಿಗೆ ಯಾವ ದೋಣಿ: ಅಳಿಯನಿಗೊಂದು ಉತ್ತರ

ಪುಟ್ಟಾ, ನಿನ್ನೆ ರಾತ್ರಿ ನೀನು ಮನೆಯವರ ಗುಂಪಿನಲ್ಲಿ ಹಾಕಿದ ಮೂರು ದೋಣಿಗಳ ಚಿತ್ರಗಳನ್ನೂ ಅದರ ಕೆಳಗಿನ ಪ್ರಶ್ನೆಯನ್ನೂ ನೋಡಿದೆ. ಕಳೆದ ವರ್ಷ ಸಹೋದ್ಯೋಗಿಯ ಜೊತೆ ಅಮೆರಿಕದ ಮಿನ್ನೆಸೋಟ ರಾಜ್ಯದ ಬಾತುಬೇಟೆಗೆ ಹೋಗಿ ಬಂದ ನೀನು, ಈ ಬಾರಿ ಹೊಡೆದ ಬಾತನ್ನು ನೀರಿನಿಂದ ತರಲು ಲ್ಯಾಬ್ರಡಾರ್ ನಾಯಿಯೊಂದನ್ನೇ ಜೊತೆಗಿಟ್ಟುಕೊಂಡು ಹೊರಡುವವನಿದ್ದೀಯೆ. ಅದಕ್ಕೆ ಚಿಕ್ಕದಾದ, ಅಲುಗಾಡದ ದೋಣಿ ಬೇಕು. ಕಿರಿದಾದ ಕಯಾಕ್, ಚಪ್ಪಟೆ ತಳದ 14 ಅಡಿಯ ಅಲ್ಯೂಮಿನಿಯಂ ಜಾನ್ ಬೋಟ್, ಜೌಗಿಗೆಂದೇ ಮಾಡಿದ 12 ಅಡಿಯ ಹಳೆಯ ಫೈಬರ್‌ಗ್ಲಾಸ್ ಮಾರ್ಷ್ ಬೋಟ್, ಈ ಮೂರರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀಯೆ. ಬಾಯಿಮಾತಿನಲ್ಲಿ ಹೇಳಿದರೆ ಅಳತೆಗಳು ಮರೆತುಹೋಗುತ್ತವೆ ಎಂದು ಬರೆದೇ ಕಳುಹಿಸುತ್ತಿದ್ದೇನೆ. ನನ್ನ ಒಲವು ಮೂರನೆಯದರ ಕಡೆಗಿದೆ, ಆದರೆ ಕೆಲವನ್ನು ಪರೀಕ್ಷಿಸದೆ ಹಣ ಕೊಡಬೇಡ.

ಅಕ್ಕಾ, ಮಗ ಬೇಟೆಗೆ ಹೋಗುವುದರ ಬಗ್ಗೆ ನೀನು ಬರೆದ ಆತಂಕವನ್ನೂ ಓದಿದೆ. ನಮ್ಮ ನಾಡಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬಾತನ್ನು ಹೊಡೆಯುವುದು ಅಪರಾಧ, ಅದು ಹಾಗೆಯೇ ಇರಬೇಕೆಂಬುದು ನನ್ನ ಅಭಿಪ್ರಾಯವೂ ಹೌದು. ಅಮೆರಿಕದಲ್ಲಿ ಬೇಟೆಗೆ ಋತುವೂ ದಿನದ ಮಿತಿಯೂ ಗೊತ್ತಾಗಿವೆ, ಜಲಪಕ್ಷಿಗಳ ಬೇಟೆಯಲ್ಲಿ ಸೀಸದ ಗುಂಡನ್ನು 1991ರಿಂದ ಇಡೀ ದೇಶದಲ್ಲಿ ನಿಷೇಧಿಸಲಾಗಿದೆ, ಮತ್ತು 1934ರಲ್ಲಿ ಆರಂಭವಾದ, ಬೇಟೆಯ ಪರವಾನಗಿಯಂತಿರುವ ಡಕ್ ಸ್ಟ್ಯಾಂಪನ್ನು 16 ವರ್ಷ ತುಂಬಿದ ಪ್ರತಿಯೊಬ್ಬ ಜಲಪಕ್ಷಿ ಬೇಟೆಗಾರನೂ ಕೊಳ್ಳಬೇಕು. ಆ ಹಣದಿಂದಲೇ ಎಷ್ಟೋ ಜೌಗು ಪ್ರದೇಶಗಳು ಉಳಿದಿವೆ. ಆದರೆ ನಿನ್ನ ನಿಜವಾದ ಚಿಂತೆ ಮಗ ತಣ್ಣೀರಿಗೆ ಬೀಳುವನೇ ಎಂಬುದು. ಅದಕ್ಕೆ ಉತ್ತರ ಬಹುಮಟ್ಟಿಗೆ ದೋಣಿಯ ಆಯ್ಕೆಯಲ್ಲಿಯೇ ಇದೆ.

ಪುಟ್ಟಾ, ಈ ಕೆಲಸಕ್ಕೆ ದೋಣಿಯ ವೇಗ ಮುಖ್ಯವಲ್ಲ. ಕತ್ತಲೆಯಲ್ಲಿ ದಪ್ಪ ಬಟ್ಟೆ ತೊಟ್ಟು ನೀನು ಪಕ್ಕಕ್ಕೆ ತಿರುಗಿದಾಗ, ಡಿಕಾಯ್ ಎಂಬ ತೇಲುವ ಗೊಂಬೆಬಾತನ್ನು ಎತ್ತಲು ಬಾಗಿದಾಗ, ಒದ್ದೆಯಾದ ನಾಯಿ ಅಂಚಿಗೆ ಮುಂಗಾಲು ಹಾಕಿ ಮೇಲೇರುವಾಗ ಆ ದೋಣಿ ಏನು ಮಾಡುತ್ತದೆ ಎಂಬುದೇ ಮುಖ್ಯ. ಇಲ್ಲಿ ಅಗಲದ ಲೆಕ್ಕವನ್ನು ತಿಳಿದಿರಬೇಕು. ವಾಲದಂತೆ ತಡೆಯುವ ಬಲವು ದೋಣಿಯ ಉದ್ದ ಹೆಚ್ಚಿದಷ್ಟೇ ಹೆಚ್ಚುತ್ತದೆ, ಆದರೆ ನೀರಿನ ಮಟ್ಟದಲ್ಲಿನ ಅಗಲ ಹೆಚ್ಚಿದರೆ ಆ ಅಗಲದ ಘನದ ಪ್ರಮಾಣದಲ್ಲಿ ಹೆಚ್ಚುತ್ತದೆ. 30 ಇಂಚಿನ ಅಗಲವನ್ನು 36 ಇಂಚು ಮಾಡಿದರೆ ಆ ಬಲ ಸ್ಥೂಲವಾಗಿ 1.7 ಪಟ್ಟಾಗುತ್ತದೆ, ಉದ್ದವನ್ನು ಅಷ್ಟೇ ಪಾಲು ಹೆಚ್ಚಿಸಿದರೆ ಸಿಗುವುದು 1.2 ಪಟ್ಟು ಮಾತ್ರ. ಹಂಪಿಯಲ್ಲಿ ತುಂಗಭದ್ರೆಯನ್ನು ದಾಟಿಸುವ ಹರಿಗೋಲು ಅಷ್ಟು ಜನರನ್ನು ಹೊತ್ತೂ ನೆಟ್ಟಗಿರುವುದು ಅದರ ತಳ ಅಗಲವಾಗಿ ಚಪ್ಪಟೆಯಾಗಿರುವುದರಿಂದ ಮತ್ತು ಜನ ತಳದಲ್ಲೇ ಕುಳಿತುಕೊಳ್ಳುವುದರಿಂದ. ಒಳ್ಳೆಯ ಮಾರ್ಷ್ ಬೋಟ್ ಈ ಎರಡು ಗುಣಗಳನ್ನು ಉಳಿಸಿಕೊಂಡು, ಜೊಂಡನ್ನು ಸೀಳಿಕೊಂಡು ಹೋಗಲು ಎರಡೂ ತುದಿಗಳನ್ನು ಕಿರಿದಾಗಿಸಿಕೊಂಡಿರುತ್ತದೆ.

ನೀನು ಕಳುಹಿಸಿದ ಕಯಾಕ್ ಒಳಗೆ ಕಾಲು ಚಾಚಿ ಕೂರುವ ಬಗೆಯದು. ಅದರಲ್ಲಿ ಸೊಂಟ ತಿರುಗಿಸಿ ಬಂದೂಕು ಎತ್ತಲು ಆಗುವುದಿಲ್ಲ, ನಾಯಿಗೆ ಜಾಗವಿಲ್ಲ. ಅದನ್ನು ಬಿಟ್ಟುಬಿಡು.

ಜಾನ್ ಬೋಟ್ ಕೆಟ್ಟದ್ದಲ್ಲ. ಅದರ ಮೇಲೆ 1436 ಎಂದು ಬರೆದಿದ್ದರೆ ಉದ್ದ 14 ಅಡಿ, ತಳದ ಅಗಲ 36 ಇಂಚು ಎಂದರ್ಥ. ಮೇಲಂಚಿನ ಅಗಲ ಇನ್ನೂ ಹೆಚ್ಚಿರುತ್ತದೆ, ಹಾಗಾಗಿ ಮಾರುವವರು ಹೇಳುವ ಅಗಲ ಯಾವುದು ಎಂದು ಪ್ರತಿ ಸಲವೂ ಕೇಳು. ಇಬ್ಬರು ಹೋಗುವುದಾದರೆ, ರಸ್ತೆಯಿಂದ ನೇರವಾಗಿ ನೀರಿಗಿಳಿಸುವ ಜಾಗವಿದ್ದರೆ, ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಒಬ್ಬನೇ ಅದನ್ನು ವಾಹನದ ಮೇಲಕ್ಕೆ ಎತ್ತಲಾರೆ, ಒಣಗಿದ ಜೊಂಡಿನ ಮೇಲೆ ಎಳೆದೊಯ್ಯುವುದೂ ಕಷ್ಟ, ಮತ್ತು ಹುಟ್ಟೋ ಬಂದೂಕೋ ತಗುಲಿದಾಗ ಅಲ್ಯೂಮಿನಿಯಂ ಎಬ್ಬಿಸುವ ಸದ್ದು ನಿಶ್ಶಬ್ದವಾದ ಮುಂಜಾವಿನಲ್ಲಿ ಬಹಳ ದೂರ ಕೇಳಿಸುತ್ತದೆ.

ಇನ್ನು ಮೂರನೆಯದು. ಈ ಕುಲದ ದೋಣಿಗಳಲ್ಲಿ ಹೆಸರುವಾಸಿಯಾದದ್ದು ನ್ಯೂಜೆರ್ಸಿಯ ಬಾರ್ನೆಗಟ್ ಕೊಲ್ಲಿಯಲ್ಲಿ 1836ರ ಸುಮಾರಿಗೆ ಹುಟ್ಟಿದ ಸ್ನೀಕ್‌ಬಾಕ್ಸ್. ಅದೂ ಸುಮಾರು 12 ಅಡಿಯದೇ. ನೀರಿಗೆ ತಗ್ಗಾಗಿ ಕೂರುವ ಒಡಲು, ಅಲೆ ಬಂದರೆ ನೀರು ಒಳಗೆ ಬಾರದೆ ಜಾರಿಹೋಗುವಂತೆ ಒಡಲನ್ನು ಮೇಲಿನಿಂದ ಮುಚ್ಚುವ ಹಲಗೆ, ಅಂದರೆ ಡೆಕ್, ನಡುವೆ ಒಬ್ಬ ಮನುಷ್ಯನಿಗೆ ಬೇಕಾದಷ್ಟೇ ತೆರಪು. ನಿನ್ನ ಚಿತ್ರದಲ್ಲಿರುವ ದೋಣಿಗೂ ಮುಂದೆ ಡೆಕ್ ಇದೆ, ತೆರಪಿನ ಸುತ್ತ ಎತ್ತರದ ಅಂಚುಪಟ್ಟಿಯೂ ಇದೆ. ಇದು ಬಹಳ ಒಳ್ಳೆಯ ಲಕ್ಷಣ, ಏಕೆಂದರೆ ತಗ್ಗಾದ ದೋಣಿಗಳು ಮಗುಚುವುದಕ್ಕಿಂತ ಮೊದಲು ನೀರು ತುಂಬಿಕೊಂಡೇ ಕೈಕೊಡುತ್ತವೆ.

ಭಾರದ ಲೆಕ್ಕವನ್ನು ನೀನೇ ಕುಳಿತು ಮಾಡಬೇಕು. ನೀನು 180 ಪೌಂಡ್, ವೇಡರ್ಸ್ (ನೀರಿಗಿಳಿಯಲು ತೊಡುವ ಉದ್ದನೆಯ ಜಲನಿರೋಧಕ ಉಡುಪು) ಮತ್ತು ಬಟ್ಟೆ ಸುಮಾರು 20, ನಾಯಿ 70, ಎರಡು ಡಜನ್ ಡಿಕಾಯ್‌ಗಳು ಅವುಗಳ ದಾರ ಮತ್ತು ತೇಲಿಹೋಗದಂತೆ ಕಟ್ಟುವ ಭಾರಗಳೊಂದಿಗೆ 30, ಬಂದೂಕು, ತೋಟಾ, ಲಂಗರು, ಗಳ, ಬುತ್ತಿ ಎಲ್ಲ ಸೇರಿ ಇನ್ನೊಂದು 30. ಒಟ್ಟು 330 ಪೌಂಡ್ ಆಯಿತು. ಮೋಟಾರು ಹಾಕುವ, 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಎಷ್ಟು ಭಾರ ಹೇರಬಹುದೆಂಬ ಫಲಕವನ್ನು ಒಳಗೆ ಅಂಟಿಸಿರಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ, ಆದರೆ ಕಯಾಕ್ ಮತ್ತು ಕನೂಗಳಿಗೆ ಆ ನಿಯಮವಿಲ್ಲ, ಅವುಗಳ ಅಂಕಿ ತಯಾರಕರು ತಾವೇ ಹೇಳಿಕೊಂಡದ್ದು. ಫಲಕದ ಅಂಕಿಯ ಮೂರನೇ ಎರಡು ಭಾಗದೊಳಗೆ ನಿನ್ನ ಭಾರ ನಿಲ್ಲಬೇಕೆಂಬುದು ನಾನು ಪಾಲಿಸುವ ಕಟ್ಟುನಿಟ್ಟು, ಅಂದರೆ ನಿನಗೆ 500 ಪೌಂಡ್ ಹೊರುವ ದೋಣಿ ಬೇಕು.

ಕೊಳ್ಳುವ ಮೊದಲು ಮಾರುವವರನ್ನು ಒಪ್ಪಿಸಿ ಅದನ್ನು ಮೊಣಕಾಲುದ್ದದ ನೀರಿಗೆ ಇಳಿಸು. ಒಳಗೆ ತಳದಲ್ಲಿ ಕುಳಿತು, ನಿಧಾನವಾಗಿ ಒಂದು ಬದಿಗೆ ಸರಿಯುತ್ತಾ ಅಂಚನ್ನು ನೀರಿನಿಂದ ಎರಡು ಬೆರಳು ಮೇಲೆ ಬರುವವರೆಗೆ ವಾಲಿಸು. ವಾಲಿದಷ್ಟೂ ದೋಣಿ ನಿನ್ನನ್ನು ಹಿಂದಕ್ಕೆ ತಳ್ಳುತ್ತಿದ್ದರೆ ಅದು ಒಳ್ಳೆಯದು. ಮೊದಲು ಬಂಡೆಯಂತೆ ನಿಂತು ಒಂದು ಹಂತದ ನಂತರ ಪ್ರತಿರೋಧವೇ ಸತ್ತುಹೋದರೆ ಕೊಳ್ಳಬೇಡ. ತಳ ಚಪ್ಪಟೆಯಾಗಿ ಪಕ್ಕಗಳು ನೆಟ್ಟಗೆ ನಿಂತ ದೋಣಿಗಳಲ್ಲಿ ಈ ದೋಷ ಹೆಚ್ಚು, ಪಕ್ಕಗಳು ಹೊರಕ್ಕೆ ಅರಳಿದವುಗಳಲ್ಲಿ ಕಡಿಮೆ. ಆಮೇಲೆ ನಾಯಿಯನ್ನು ಹಿಂಬದಿಯಿಂದ ಹತ್ತಿಸಿ ನೋಡು, ಪಕ್ಕದಿಂದ ಹತ್ತುವ ಅಭ್ಯಾಸವನ್ನು ಅದಕ್ಕೆ ಮಾಡಿಸಲೇಬೇಡ. ದೋಣಿಯನ್ನು ಮಗುಚಿ ಹಾಕಿ ತಳದುದ್ದಕ್ಕೂ ಅಂಗೈ ಆಡಿಸು: ತೆಳುವಾದ ಮಂಜುಗಡ್ಡೆ ಉಜ್ಜಿದಲ್ಲಿ ಮೇಲಿನ ಲೇಪ ಹೋಗಿ ನಾರು ಕೈಗೆ ಚುಚ್ಚುತ್ತದೆ, ಅಂಥ ಜಾಗವನ್ನು ದುರಸ್ತಿ ಮಾಡದೆ ನೀರಿಗೆ ತರಬಾರದು. ಸೀಟಿನ ಕೆಳಗೆ ಮತ್ತು ತುದಿಗಳಲ್ಲಿ ತೇಲಿಸುವ ಫೋಮ್ ಇದೆಯೇ, ಅದು ನೀರು ಹೀರಿ ಭಾರವಾಗಿದೆಯೇ ಎಂಬುದನ್ನೂ ನೋಡು.

ಮೋಟಾರು ಈ ವರ್ಷ ಬೇಡ. 12 ಅಡಿಯ ದೋಣಿಯ ಹಿಂತುದಿಗೆ ಅಷ್ಟು ಭಾರ ಹಾಕಿದರೆ ಮೂತಿ ಮೇಲೆದ್ದು, ನೀನು ಹುಡುಕುತ್ತಿರುವ ಸ್ಥಿರತೆಯೇ ಹಾಳಾಗುತ್ತದೆ. ತುದಿಯಲ್ಲಿ ಬಾತಿನ ಕೊಕ್ಕಿನಂತೆ ತೆರೆದುಕೊಳ್ಳುವ ಗಳವೊಂದನ್ನು ಕೊಂಡುಕೋ. ಕೆಸರಿಗೆ ಊರಿದಾಗ ಅದು ಅರಳಿ ಆಧಾರ ಹಿಡಿಯುತ್ತದೆ, ಎತ್ತಿದಾಗ ಮುಚ್ಚಿಕೊಂಡು ಸಲೀಸಾಗಿ ಹೊರಬರುತ್ತದೆ. ಬೇಟೆಯ ಜಾಗ ತಲುಪಿದ ಮೇಲೆ ದೋಣಿಯನ್ನು ಜೊಂಡಿನೊಳಗೆ ಸಿಕ್ಕಿಕೊಳ್ಳುವಷ್ಟು ನುಗ್ಗಿಸು. ಎರಡು ಬದಿಗೂ ಜೊಂಡು ಒತ್ತಿಕೊಂಡಿರುವಾಗ ಬಂದೂಕಿನ ಒದೆತ ದೋಣಿಯನ್ನು ವಾಲಿಸಲಾರದು. ಕುಳಿತೇ ಹೊಡೆ, ಮುಂದಿನ ದಿಕ್ಕಿಗೆ ಮಾತ್ರ ಹೊಡೆ.

ಇಂಥ ದೋಣಿ ಜೌಗಿನದು, ತೆರೆದ ಸರೋವರದ್ದಲ್ಲ. ಮಿನ್ನೆಸೋಟದವರು 1940ರ ನವೆಂಬರ್ 11ನ್ನು ಇಂದಿಗೂ ಮರೆತಿಲ್ಲ. ಬೆಳಿಗ್ಗೆ ಬೆಚ್ಚಗಿತ್ತೆಂದು ತೆಳು ಉಡುಪಿನಲ್ಲಿ ಮಿಸಿಸಿಪ್ಪಿಯ ಜೌಗು ಮತ್ತು ನಡುಗಡ್ಡೆಗಳಿಗೆ ಹೋದ ಬೇಟೆಗಾರರ ಮೇಲೆ ಮಧ್ಯಾಹ್ನದ ಹೊತ್ತಿಗೆ ಹಿಮಗಾಳಿ ಎರಗಿತು. ಆ ಅಲೆಗಳಲ್ಲಿ ಚಿಕ್ಕ ದೋಣಿಗಳು ದಾಟಿ ಬರಲಾಗಲಿಲ್ಲ. ಆ ರಾಜ್ಯದಲ್ಲಿ ಸತ್ತ 49 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಬಾತುಬೇಟೆಗೆ ಹೋದವರು. ಆದ್ದರಿಂದ ಹಿಂತಿರುಗುವ ದಾರಿಯಲ್ಲಿ ತೆರೆದ ನೀರನ್ನು ದಾಟಬೇಕಾದ ಜಾಗವನ್ನು ಆರಿಸಿಕೊಳ್ಳಬೇಡ. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು: ಕೊರೆಯುವ ನೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಉಪಯೋಗಕ್ಕೆ ಬರುವುದು 10 ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ ಎಂದು ಅಲ್ಲಿ ಕಲಿಸುತ್ತಾರೆ. ಆ ಮೊದಲ ನಿಮಿಷದಲ್ಲಿ ಜಾಕೆಟ್ ಹುಡುಕಿ ತೊಡಲು ಯಾರಿಂದಲೂ ಆಗದು. ಅಕ್ಕಾ, ಜಾಕೆಟ್ ತೊಟ್ಟೇ ಇರುತ್ತೇನೆಂದು ಅವನಿಂದ ನೀನೇ ಮಾತು ತೆಗೆದುಕೊಂಡುಬಿಡು.

ಪುಟ್ಟಾ, ಶನಿವಾರ ದೋಣಿ ನೋಡಲು ಹೋಗುವಾಗ ಅಳತೆಪಟ್ಟಿ ಒಯ್ದು ತಳದ ಅಗಲ, ಮೇಲಂಚಿನ ಅಗಲ, ನಡುವಿನ ಎತ್ತರ ಈ ಮೂರನ್ನೂ ಬರೆದು ಇಲ್ಲಿಗೆ ಕಳುಹಿಸು. ತಳವೇ 36 ಇಂಚು ಇದ್ದು, ದೋಣಿಯ ತೂಕ 100 ಪೌಂಡ್ ಒಳಗಿದ್ದರೆ, ಬೆಲೆಯ ಮಾತನ್ನು ಆಡಬಹುದು.