12 ಅಂಗಡಿ, ಗೂಗಲ್ ಮ್ಯಾಪ್‌ನಲ್ಲಿ ಒಂದೊಂದೂ ಒಂದೊಂದು ಥರ

ಪ್ರಶ್ನೆ:
ನಮ್ಮದು ಬೇಕರಿ. ಹಾಸನ, ಅರಸೀಕೆರೆ, ತಿಪಟೂರು ಕಡೆ ಸೇರಿ 12 ಅಂಗಡಿ. ಲಿಸ್ಟಿಂಗ್ (ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ಸಮಯ ತೋರಿಸುವ ಪುಟ) ನೋಡಿಕೊಳ್ಳುವುದು ಈಗ ನನ್ನ ತಲೆಗೆ ಬಂದಿದೆ. ಹಿಂದಿನ ಏಜೆನ್ಸಿಯವರು ಪ್ರತಿ ಹೆಸರಿಗೂ ‘ಬೆಸ್ಟ್ ಎಗ್‌ಲೆಸ್ ಕೇಕ್’ ಅಂತ ಬಾಲ ಅಂಟಿಸಿದ್ದಾರೆ. ಎರಡು ಲಿಸ್ಟಿಂಗ್‌ಗಳನ್ನು ಗೂಗಲ್ ಸಸ್ಪೆಂಡ್ ಮಾಡಿದೆ. ಅರಸೀಕೆರೆ ಅಂಗಡಿ ಬೇರೆ ರಸ್ತೆಗೆ ಹೋಗಿದೆ, ಗಿರಾಕಿಗಳು ಹಳೇ ಬಾಗಿಲ ಮುಂದೆ ನಿಂತು ಫೋನ್ ಮಾಡಿ ಬೈಯುತ್ತಾರೆ. ಹೊಸ ಲಿಸ್ಟಿಂಗ್ ಮಾಡಲಾ?

ಉತ್ತರ 1:
ಬೇಡ ಸರ್. ಹಳೇದರಲ್ಲೇ ವಿಳಾಸ ಬದಲಿಸಿ, ಪಿನ್ ಸರಿಯಾದ ಜಾಗಕ್ಕೆ ಎಳೆಯಿರಿ. ಹೊಸದು ಮಾಡಿದರೆ ಒಂದೇ ಅಂಗಡಿಗೆ ಎರಡು ಲಿಸ್ಟಿಂಗ್ ಆಗುತ್ತದೆ, ಅದೂ ನಿಯಮಕ್ಕೆ ವಿರುದ್ಧ. ಹೆಸರು ಬೋರ್ಡಿನಲ್ಲಿ ಇರುವಂತೆಯೇ ಇರಲಿ. ಸಸ್ಪೆಂಡ್ ಆಗಿದ್ದಕ್ಕೆ ಮೊದಲು ಹೆಸರು ಸರಿಮಾಡಿ, ಆಮೇಲೆ ಅಪೀಲ್ ಹಾಕಿ. ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ ಕೈಯಲ್ಲಿರಲಿ.

ಉತ್ತರ 2:
10 ಅಥವಾ ಜಾಸ್ತಿ ಅಂಗಡಿ ಇದ್ದರೆ ಬಲ್ಕ್ ವೆರಿಫಿಕೇಶನ್‌ಗೆ, ಅಂದರೆ ಎಲ್ಲ ಅಂಗಡಿಗಳನ್ನೂ ಗೂಗಲ್ ಒಟ್ಟಿಗೇ ದೃಢೀಕರಿಸಲು, ಅರ್ಜಿ ಹಾಕಬಹುದು. ಒಂದು ಎಕ್ಸೆಲ್ ಶೀಟ್ ಮಾಡಿ: ವಿಳಾಸ, ಫೋನ್, ಸಮಯ, ಜೊತೆಗೆ ಆಯಾ ಅಂಗಡಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್. ಅರಸೀಕೆರೆ ಲೈಸೆನ್ಸಿನಲ್ಲಿ ವಿಳಾಸ ಬದಲಾಗಿದೆಯಾ? ಮ್ಯಾಪ್‌ಗಿಂತ ಅದು ಮುಖ್ಯ ಅಲ್ವಾ.

ಪ್ರಶ್ನೆ ಕೇಳಿದವರು:
ಅಯ್ಯೋ, ಅದನ್ನು ಯಾರೂ ನೋಡಿಲ್ಲ. ಇವತ್ತೇ ಮಾಲೀಕರಿಗೆ ಹೇಳುತ್ತೇನೆ. ಇನ್ನೊಂದು, ಯುಗಾದಿ ದಿನ ಮಧ್ಯಾಹ್ನವೇ ಮುಚ್ಚುತ್ತೇವೆ. ಮಾಮೂಲಿ ಸಮಯ ಬದಲಿಸಬೇಕಾ?

ಉತ್ತರ 1:
ಅದನ್ನು ಮುಟ್ಟಬೇಡಿ. ‘ಸ್ಪೆಷಲ್ ಅವರ್ಸ್’ ಅಂತ ಬೇರೆ ಇದೆ, ಆ ದಿನಕ್ಕೆ ಮಾತ್ರ ಹಾಕಿ.