ಮಾಸಾಮುನೆಯ ಕತ್ತಿಗೆ ಸಹಿ ಇಲ್ಲ, ಮತ್ತೆ ಅವನದೇ ಅಂತ ಹೇಳುವುದು ಹೇಗೆ?

ಪ್ರಶ್ನೆ
ಟೋಕಿಯೊದ ಉಯೆನೊದಲ್ಲಿರುವ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಕಾಂಜೆ ಮಾಸಾಮುನೆ ಕತ್ತಿಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ರಾಷ್ಟ್ರೀಯ ನಿಧಿ ಅಂತ ಘೋಷಿಸಿರುವ ಕತ್ತಿ, ಆದರೆ ಮಾಡಿದ ಜಪಾನಿನ ಹೆಸರಾಂತ ಕಮ್ಮಾರ ಮಾಸಾಮುನೆಯ ಹೆಸರೇ ಅದರ ಮೇಲಿಲ್ಲ. ಏಳುನೂರು ವರ್ಷ ಕಳೆದ ಮೇಲೆ ಇದು ಅವನದೇ ಅಂತ ಯಾವ ಧೈರ್ಯದ ಮೇಲೆ ಹೇಳುತ್ತಾರೆ? ನನಗೆ ಕಂಡಿದ್ದು ಬಾಯಿಯುದ್ದಕ್ಕೂ ಒಂದು ಬಿಳಿ ಗೆರೆ ಅಷ್ಟೇ. ಗೊತ್ತಿದ್ದವರು ಬಿಡಿಸಿ ಹೇಳಿ.

ಉತ್ತರ 1
ಸಹಿ ಕೆತ್ತುವುದು ಹಿಡಿಯೊಳಗೆ ಮುಚ್ಚಿಹೋಗುವ ಭಾಗದ ಮೇಲೆ. ಕಾಮಾಕುರಾ ಕಾಲದಲ್ಲಿ (1185–1333) ಕುದುರೆ ಸವಾರರಿಗೆಂದು ಮಾಡಿದ, ತಾಚಿ ಎಂಬ ಉದ್ದನೆಯ ಕತ್ತಿಗಳನ್ನು ಮುಂದಿನವರು ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು. ಹೆಸರಿದ್ದರೆ ಅದೂ ಆ ತುಂಡಿನ ಜೊತೆಗೇ ಹೋಯಿತು. ಆಮೇಲೆ ಹೊನಾಮಿ ಮನೆತನದ ಪರೀಕ್ಷಕರು ನೋಡಿ, ಕೆಲವಕ್ಕೆ ಚಿನ್ನದಲ್ಲಿ ಹೆಸರು ಕೂರಿಸಿದರು.

ಪ್ರಶ್ನೆ ಕೇಳಿದವರು
ಸರಿ, ಕಿರುಗತ್ತಿಗಳನ್ನು ಯಾರೂ ಕತ್ತರಿಸಿಲ್ಲವಲ್ಲ? ಅಗಲ ಅಲಗಿನ ಹೋಚೊ ಮಾಸಾಮುನೆಗಳಿಗೂ ಸಹಿ ಇಲ್ಲ.

ಉತ್ತರ 2
ನಿಮ್ಮ ಅನುಮಾನ ಸರಿಯಾಗಿದೆ. ಸಹಿ ಇರುವ ಕಿರುಗತ್ತಿಗಳು ಬೆರಳೆಣಿಕೆಯಷ್ಟು: ಫುದೊ, ಕ್ಯೊಗೊಕು, ದೈಕೊಕು. ಅದಕ್ಕೇ ಮೇಜಿ ಕಾಲದಲ್ಲಿ (1868–1912) ಮಾಸಾಮುನೆ ಎಂಬವನೊಬ್ಬ ಇರಲೇ ಇಲ್ಲ ಎಂಬ ವಾದವೂ ಎದ್ದಿತ್ತು. ನಾನು ಅದನ್ನು ಒಪ್ಪುವುದಿಲ್ಲ.

ನಾನು ಹದಿನೆಂಟು ವರ್ಷದಿಂದ ಹೀಟ್ ಟ್ರೀಟ್‌ಮೆಂಟ್ ಕೆಲಸದಲ್ಲಿದ್ದೇನೆ. ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದಾಗ ಒಮ್ಮೊಮ್ಮೆ 'ಟಿಣ್' ಅಂತ ಸಣ್ಣ ಸದ್ದು ಬರುತ್ತದೆ. ಅದು ಕೇಳಿತೆಂದರೆ ಬಿರುಕು ಬಿಟ್ಟಿತು, ಮಾಲು ಗುಜರಿಗೆ. ಕಾವು ಏರಿದಷ್ಟೂ ಉಕ್ಕಿನೊಳಗಿನ ಹರಳು ದಪ್ಪ, ಬಿರುಕಿನ ಭಯವೂ ಹೆಚ್ಚು. ಜಪಾನಿನ ಕಮ್ಮಾರ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತಿ ಅದ್ದುತ್ತಾನೆ. ಬಾಯಿ ತಟ್ಟನೆ ತಣಿದು ಮಾರ್ಟೆನ್‌ಸೈಟ್, ಅಂದರೆ ತುಂಬಾ ಗಡಸು ಉಕ್ಕು, ಆಗುತ್ತದೆ, ಬೆನ್ನು ನಿಧಾನವಾಗಿ ತಣಿದು ಮೆತ್ತಗೆ ಉಳಿಯುತ್ತದೆ. ನೀವು ಕಂಡ ಬಿಳಿ ಗೆರೆ ಆ ಎರಡರ ಗಡಿ, ಹಾಮೊನ್. ಅಲ್ಲಿ ಹರಳು ಬಿಡಿಯಾಗಿ ಕಾಣದೆ ಮಂಜಿನ ಹಾಗಿದ್ದರೆ ನಿಯೊಯಿ, ಒಂದೊಂದೂ ಬೇರೆಬೇರೆ ಮಿನುಗಿದರೆ ನಿಯೆ.

ಮಾಸಾಮುನೆಯ ಕೈ ಇರುವುದು ನಿಯೆಯಲ್ಲಿ. ಗುರು ಶಿಂತೊಗೊ ಕುನಿಮಿತ್ಸುವಿನ ಹಾಮೊನ್ ಬಹುತೇಕ ನೇರ. ಶಿಷ್ಯನದು ತೆರೆಯ ಹಾಗೆ ಏರಿಳಿಯುತ್ತದೆ. ನಿಯೆ ಒತ್ತಾಗಿ ಸೇರಿ ಎಳೆಗಟ್ಟಿ ಹೊಳೆಯುತ್ತದೆ: ಕಿನ್‌ಸುಜಿ ಅಂದರೆ ಚಿನ್ನದ ಎಳೆ, ಇನಾಜುಮಾ ಅಂದರೆ ಮಿಂಚು. ಅಷ್ಟು ನಿಯೆ ಬರಬೇಕಾದರೆ ಕಾವನ್ನು ಇನ್ನೇನು ಬಿರುಕು ಬಿಟ್ಟಿತು ಎನ್ನುವವರೆಗೂ ಏರಿಸಬೇಕು. ಅವನಿಗೆ ಮೀಟರಿಲ್ಲ. ಕತ್ತಲಲ್ಲಿ ಉಕ್ಕಿನ ಬಣ್ಣ ನೋಡಿಯೇ ತೀರ್ಮಾನ. ನಮ್ಮ ಫರ್ನೇಸಿಗೆ ಡಿಜಿಟಲ್ ಮೀಟರ್ ಇದ್ದೂ ಅದ್ದುವ ಹೊತ್ತಿಗೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಹೆಸರು ಕೆತ್ತಲು ಒಂದು ಉಳಿ ಸಾಕು, ಮಾಸಾಮುನೆಯ ಸುಳ್ಳು ಸಹಿಗಳು ಬೇಕಾದಷ್ಟಿವೆ. ಆ ನಿಯೆಯನ್ನು ಹಾಗೆ ತರಲಾಗುವುದಿಲ್ಲ. ಪರೀಕ್ಷಕರು ನೋಡುವುದು ಅದನ್ನೇ.

ಉತ್ತರ 3
ಮುಂದಿನ ಸಲ ಹೋದಾಗ ಮಂಡಿ ಬಗ್ಗಿಸಿ, ದೀಪದ ಬೆಳಕು ಅಲಗಿನ ಮೇಲೆ ಬಂದು ಕೂರುವವರೆಗೆ ತಲೆ ಮೇಲೆ ಕೆಳಗೆ ಮಾಡಿ. ನಿಯೆ ಆಗ ಮಾತ್ರ ಕಾಣುತ್ತದೆ.

ನನಗೆ ಸಂಕಟವಾಗುವುದು ಹೊಂಜೊ ಮಾಸಾಮುನೆ ಎಂಬ ಅವನ ಇನ್ನೊಂದು ಕತ್ತಿಯ ಬಗ್ಗೆ. 1939ರಲ್ಲಿ ರಾಷ್ಟ್ರೀಯ ನಿಧಿ ಆಗಿತ್ತು. ಯುದ್ಧ ಸೋತ ಮೇಲೆ, 1945ರ ಡಿಸೆಂಬರ್‌ನಲ್ಲಿ, ಹಿಂದೆ ಜಪಾನನ್ನು ಆಳಿದ್ದ ತೊಕುಗಾವಾ ಮನೆತನ ಅದನ್ನು ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಿತು. ಅಲ್ಲಿಂದಾಚೆ ಪತ್ತೆಯಿಲ್ಲ. ಅದಕ್ಕೂ ಸಹಿ ಇರಲಿಲ್ಲ. ನಿಯೆ ಗುರುತಿಸುವ ಕಣ್ಣಿಲ್ಲದವರ ಮನೆಯಲ್ಲಿದ್ದರೆ ಅದೂ ಒಂದು ಹಳೇ ಕತ್ತಿ.

ಪ್ರಶ್ನೆ ಕೇಳಿದವರು
ಅಷ್ಟು ಹೊತ್ತೂ ನಾನು ನೆಟ್ಟಗೆ ನಿಂತೇ ನೋಡಿದ್ದೆ. ಏಪ್ರಿಲ್‌ನಲ್ಲಿ ಮತ್ತೆ ಹೋಗುವುದಿದೆ. ಆಗ ಕಾಂಜೆಯನ್ನು ಹೊರಗಿಟ್ಟಿರುತ್ತಾರೋ ಇಲ್ಲವೋ, ಮೊದಲು ವಿಚಾರಿಸಿಕೊಳ್ಳುತ್ತೇನೆ.